ಕೆಮಿಗೊಂದು ಚಿಲಕ

ಕಳುದ ವರ್ಷ ನವರಾತ್ರಿ ಕಳುದು ಬಂದ ಆಯಿತ್ಯವಾರ. ಉರ್ವ ಮಾರ್ಕೆಟಿಂದ ಬಸಳೆದೆ ತೊಂಡೆಕಾಯಿದೆ ತೆಕ್ಕೊಂಡು ಮನೆಗೆ ಬಪ್ಪಗ ಅಜ್ಜಿ-ಪುಳ್ಳಿ ಇಬ್ರುದೆ ಒಂದೇ ಮೊಬೈಲಿಂಗೆ ತಲೆ ಬಗ್ಗುಸಿ ಕೂದೊಂಡಿತ್ತಿದ್ದವು. ಎನ್ನ ಕಂಡ ಕೂಡ್ಲೆ ಅತ್ತೆ ಕನ್ನಡ್ಕ ಸರಿ ಮಾಡ್ಯೊಂಡು ಹೇಳಿದವು:

"ಇದಾ, ಇಲ್ಲಿ ನೋಡು. ಆರೋ ಒಂದು ಕೂಸು ಕೆಮಿಗೆ ಚಿಲಕ ಹಾಕ್ಯೊಂಡಿದು!"

ನೋಡಿದೆ. ಅತ್ತೆ ಹೇಳಿದ್ದರಲ್ಲಿ ತಪ್ಪೆಂತ ಇಲ್ಲೆ. ಕೆಮಿಯ ಮೇಗಾಣ ಹೊಡೆಲಿ, ಮೋರೆಯ ಹತ್ತರೆ ಒಂದು ಒಟ್ಟೆ, ಹಿಂದಾಣ ಕರೆಲಿ ಇನ್ನೊಂದು ಒಟ್ಟೆ. ಎರಡಕ್ಕುದೆ ಸೇರಿ ಓರೆಗೆ ಒಂದೇ ಸರಳು, ಸರಳಿನ ಎರಡು ಕೊಡಿಲಿಯುದೆ ಒಂದೊಂದು ಗುಂಡು. ಬಾಗಿಲಿನ ಚಿಲಕವೇ.

"ಚಿಲಕ ಅಲ್ಲ ಅಜ್ಜೀ, ಇಂಡಸ್ಟ್ರಿಯಲ್ ಪಿಯರ್ಸಿಂಗ್ ಹೇಳುದು ಅದಕ್ಕೆ," ಹೇಳಿ ಮಗಳು ನೆಗೆ ಮಾಡಿತ್ತು. ಮತ್ತೆ ಎನ್ನ ಮೋರೆ ನೋಡಿ, "ಅಮ್ಮಾ, ಪರೀಕ್ಷೆ ಮುಗುದ ಮತ್ತೆ ಆನುದೆ ಹಾಕ್ಸುತ್ತೆ" ಹೇಳಿತ್ತು.

"ಬೇಡ."

"ಎಂತಗೆ?"

ಆನು ಉತ್ತರ ಕೊಟ್ಟಿದಿಲ್ಲೆ. ಬಸಳೆ ತೆಕ್ಕೊಂಡು ಅಡಿಗೆ ಒಳ ಹೋದೆ. ಉತ್ತರ ಇಲ್ಲದ್ದೆ ಅಲ್ಲ. ಅದು ಎನ್ನ ಎಡದ ಕೆಮಿಲೇ ಇದ್ದು. ಇಷ್ಟು ವರ್ಷ ತಲೆಕಸವಿನ ಅಡಿಲಿ ಹುಗ್ಗುಸಿ ಮಡುಗಿದ್ದೆ, ಅಷ್ಟೆ.

ಆನು ಡಿಗ್ರಿ ಓದುವಗ, 1998ರಲ್ಲಿ, ಹಾಸ್ಟೆಲಿನ ಕೂಸುಗಳ ಒಟ್ಟಿಂಗೆ ಪೇಟೆಗೆ ಹೋಗಿ ಒಂದು ಫ್ಯಾನ್ಸಿ ಅಂಗಡಿಲಿ ಕೆಮಿಯ ಮೇಗಂಗೆ ಒಟ್ಟೆ ಮಾಡ್ಸಿದೆ. ಮನೆಲಿ ಕೇಳಿರೆ ಬೇಡ ಹೇಳುಗು ಹೇಳಿ ಗೊಂತಿತ್ತು, ಹಾಂಗಾಗಿ ಕೇಳಿದ್ದೇ ಇಲ್ಲೆ. ಅಂಗಡಿಯ ಮಾಣಿ ಬಳೆ ತೋರ್ಸುತ್ತ ಕೈಲೇ ಗನ್ನು ತೆಗದು 'ಟಕ್' ಹೇಳಿ ಒತ್ತಿದ°. ಒಂದು ನಿಮಿಷದ ಕೆಲಸ. ನಾಕು ದಿನಲ್ಲಿ ಕೆಮಿ ಕೆಂಪಾತು, ವಾರಲ್ಲಿ ಬೀಗಿತ್ತು. ಊರಿಂಗೆ ಹೋಗಿಪ್ಪಗ ಅಬ್ಬೆಗೆ ಕಾಂಬಲಾಗ ಹೇಳಿ ಕಸವು ಬಿಡ್ಸಿ ಕೂದೆ. ಇರುಳು ಆರಿಂಗುದೆ ಗೊಂತಾಗದ್ದ ಹಾಂಗೆ ಅರಿಶಿನ, ತೆಂಗಿನೆಣ್ಣೆ ಕಿಟ್ಟಿದೆ. ಜ್ವರ ಬಂದ ಮತ್ತೆಯೇ ಮನೆಲಿ ಗೊಂತಾದ್ದು. ಡಾಕ್ಟ್ರು ಕೊಯ್ದು ಕೀವು ತೆಗದವು. ಬೇನೆ ಹೋತು, ಆದರೆ ಕೆಮಿಯ ಆಕಾರ ಒಳುದ್ದಿಲ್ಲೆ. ಬೆಶಿಲಿಂಗೆ ಬಾಡಿದ ವೀಳ್ಯದೆಲೆಯ ಕರೆಯ ಹಾಂಗೆ ಮುರುಟಿ ಕೂದತ್ತು. "ನಾಕು ದಿನ ಮೊದಲು ಬಂದಿದ್ದರೆ…" ಹೇಳಿ ಡಾಕ್ಟ್ರು ಅರ್ಧಲ್ಲಿ ನಿಲ್ಲುಸಿದ ಮಾತು ಈಗಳೂ ಆ ಕೆಮಿಲೇ ಇದ್ದು.

ಆ ಆಯಿತ್ಯವಾರ ಇರುಳು ಎನಗೆ ಒರಕ್ಕು ಬಯಿಂದಿಲ್ಲೆ. ಕೆಮಿ ಕುತ್ತುದು ಎಂಗಳ ಕಡೆಂಗೆ ಹೊಸತ್ತಲ್ಲ. ಅತ್ತೆಯ ಅಬ್ಬೆಯ ಕೆಮಿಲಿ ಮೇಗಂದ ಕೆಳ ವರೆಗೆ ನಾಕು ಒಟ್ಟೆ ಇತ್ತಡ, ಒಂದುದೆ ಹಾಳಾಯಿದಿಲ್ಲೆ. ಅಂಬಗ ಎನ್ನದು ಒಂದೇ ಒಟ್ಟೆಲಿ ಹಾಳಾದ್ದು ಹೇಂಗೆ? ಮಗಳ 'ಎಂತಗೆ'ಗೆ ಉತ್ತರ ಕೊಡೆಕ್ಕಾರೆ ಸುರುವಿಂಗೆ ಇದು ಎನಗೆ ಗೊಂತಾಯೆಕ್ಕು ಹೇಳಿ ಕಂಡತ್ತು. ಮರುದಿನಂದ ಓದ್ಲೆ, ಅತ್ತೆಯ ಹತ್ತರೆ ಕೇಳ್ಲೆ ಸುರು ಮಾಡಿದೆ.

ಕೆಮಿ ಕುತ್ತುದರ ಬಗ್ಗೆ ಎಂಗಳ ದೇಶಲ್ಲಿ ಸಿಕ್ಕುವ ಹಳೆಯ ವಿವರಂಗಳಲ್ಲಿ ಸುಶ್ರುತ ಸಂಹಿತೆದು ಮುಖ್ಯ. ಅದರ ಸೂತ್ರಸ್ಥಾನದ 16ನೇ ಅಧ್ಯಾಯ ಇದಕ್ಕೇ ಇಪ್ಪದು. ಬಾಬೆಗೆ ಆರೋ ಏಳೋ ತಿಂಗಳಪ್ಪಗ ಮಡಿಲಿಲಿ ಕೂರ್ಸಿ, ಆಟದ ಸಾಮಾನು ಕೊಟ್ಟು ಸಮಾಧಾನ ಮಾಡ್ಯೊಂಡು, ಎಡದ ಕೈಲಿ ಕೆಮಿಯ ಎಳದು ಹಿಡುದು, ಬೆಶಿಲಿನ ಬೆಣಚ್ಚು ದಾಂಟಿ ಕಾಂಬ ಜಾಗೆ ನೋಡಿ ಮೆಲ್ಲಂಗೆ, ನೇರಕ್ಕೆ ಕುತ್ತೆಕ್ಕು. ಮಾಣಿಗೆ ಸುರುವಿಂಗೆ ಬಲದ ಕೆಮಿ, ಕೂಸಿಂಗೆ ಎಡದ್ದು. ಒಟ್ಟೆಗೆ ಹತ್ತಿಯ ಬತ್ತಿ ಹಾಕಿ ಎಣ್ಣೆ ಬಿಡೆಕ್ಕು. ಮೂರು ದಿನಕ್ಕೊಂದರಿ ಬತ್ತಿ ಬದಲ್ಸಿ ರಜ ರಜವೇ ತೋರ ಮಾಡೆಕ್ಕು. ನೆತ್ತರುದೆ ಬೇನೆದೆ ಹೆಚ್ಚು ಬಂದರೆ ಕುತ್ತಿದ ಜಾಗೆ ತಪ್ಪಿದ್ದು ಹೇಳಿ ಲೆಕ್ಕ. ಬೀಗಿ ಬೇನೆ ಆದರೆ ಬತ್ತಿ ತೆಗದು ಲೇಪ ಹಾಕೆಕ್ಕು, ಪೂರ ಗುಣ ಆದ ಮತ್ತೆ ಪುನಃ ಕುತ್ತೆಕ್ಕು. ಹರುದ ಕೆಮಿಹಾಳೆಯ ಜೋಡ್ಸುಲೆ 15 ಕ್ರಮಂಗಳ ಹೇಳಿದ್ದವು.

ಓದಿ ಮುಗುಶುವಗ ಎನಗೆ ಒಂದು ಸಂಗತಿ ಎದ್ದು ಕಂಡತ್ತು. ಕುತ್ತುದರ ಬಗ್ಗೆ ಇಪ್ಪದು ನಾಕು ಮಾತು. ಒಳುದ್ದೆಲ್ಲ ಕುತ್ತಿದ ಮತ್ತೆ ನೋಡ್ಯೊಂಬದು ಹೇಂಗೆ ಹೇಳಿ.

ಮನೆಲಿ ನೆಡಕ್ಕೊಂಡು ಬಂದ ಕ್ರಮವುದೆ ಹಾಂಗೇ ಇತ್ತು ಹೇಳಿ ಅತ್ತೆಯ ಮಾತಿಂದ ಗೊಂತಾತು. ಅವು ಸಣ್ಣಾಗಿಪ್ಪಗ ಚಿನ್ನದ ಆಚಾರಿ ಮನೆಗೇ ಬಂದುಗೊಂಡಿತ್ತಿದ್ದವಡ. ಕುಂಕುಮಲ್ಲಿ ಬೊಟ್ಟು ಹಾಕಿ ಎರಡು ಕೆಮಿಯುದೆ ಸಮ ಇದ್ದೋ ನೋಡಿ, ಕೊಡಿ ಚೂಪು ಮಾಡಿದ ಚಿನ್ನದ ಸರಿಗೆಲಿ ಕುತ್ತಿ, ಅಲ್ಲೇ ಸುರುಟಿ ಉರುಟು ಮಾಡಿ ಬಿಡುದು. ಮೇಗಂದ ಅರಿಶಿನ, ಎಣ್ಣೆ. ದಿನಾಗುಳೂ ಮಿಂದ ಮತ್ತೆ ಅಬ್ಬೆ ನೋಡುಗು, ಹೊತ್ತೋಪಗ ದೊಡ್ಡಬ್ಬೆ ನೋಡುಗು. ಒಟ್ಟೆ ದೊಡ್ಡ ಮಾಡೆಕ್ಕಾರೆ ಹಿಡಿಸೂಡಿ ಕಡ್ಡಿಯ ಸಣ್ಣಕ್ಕೆ ತುಂಡು ಮಾಡಿ ಹಾಕುಗು. ಒಂದಿತ್ತಲ್ಲಿ ಎರಡು, ಮತ್ತೆ ಮೂರು. ಬೆಂಡೋಲೆ ಹಾಕಲೆ ತಿಂಗಳುಗಟ್ಳೆ ಕಾಯೆಕ್ಕಿತ್ತು. ಓಲೆ ಹೇಳಿರೆ ತಾಳೆಗರಿ. ಅದರ ಸುರುಟಿ ಒಟ್ಟೆಗೆ ಸಿಕ್ಕುಸಿಯೊಂಡಿದ್ದ ಕಾಲಂದ ಆ ಹೆಸರು ಒಳುದ್ದು. ಕೆಮಿಯ ಆಭರಣದ ಹೆಸರಿಲೇ ಕಾವ ಕೆಲಸ ಇದ್ದು.

ಇದೆಲ್ಲ ಕೆಳಾಣ ಕೆಮಿಹಾಳೆಯ ಮಾತಾತು. ಮೇಗಂಗೆ ಕುತ್ತುದುದೆ ಹಳತ್ತೇ. ಅತ್ತೆಯ ಅಬ್ಬೆ ಘಟ್ಟದ ಮೇಗೆ ಸಾಗರ ಹೊಡೆಂದ ಬಂದವು. ಅವಕ್ಕೆ ಕೆಮಿಯ ಮೇಗಾಣ ಕರೆಲಿ ಬುಗುಡಿ ಇತ್ತು. ಬುಗುಡಿ ಘಟ್ಟದ ಮೇಗೆ, ಬಯಲುಸೀಮೆಲಿ, ಮಹಾರಾಷ್ಟ್ರಲ್ಲಿಯುದೆ ಮದಲಿಂಗೆ ಹೆಮ್ಮಕ್ಕೊ ಹಾಕ್ಯೊಂಡಿದ್ದ ಆಭರಣ. ಎಂಗಳ ಊರಿಲೇ ಪ್ರಾಯದ ಬ್ಯಾರಿ ಅಜ್ಜಿಯಕ್ಕಳ ಕೆಮಿಯ ನೋಡಿದವಕ್ಕೆ ಗೊಂತಿಕ್ಕು, ಕರೆ ಉದ್ದಕ್ಕುದೆ ಸಾಲಾಗಿ ಅಲಿಕತ್ತು. ಈಗಾಣ ಮಕ್ಕೊ 'ಹೀಲಿಕ್ಸ್ ಪಿಯರ್ಸಿಂಗ್' ಹೇಳುದು ಅದೇ ಜಾಗೆಗೆ.

ಇನ್ನುದೆ ಕಷ್ಟದ್ದು ಬೇಕಾರೆ ಉರ್ವಂದ ದೂರ ಹೋಪದು ಬೇಡ. ಕದ್ರಿ ಗುಡ್ಡೆಗೆ ಹೋದರೆ ಸಾಕು. ಮಂಜುನಾಥ ದೇವಸ್ಥಾನದ ಮೇಗೆ ಜೋಗಿ ಮಠ ಇದ್ದು, ನಾಥ ಪಂಥದವರದ್ದು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಮಂಗಳೂರಿಂಗೆ ಬಂದಿಪ್ಪಗ ಕದ್ರಿಯ ಜೋಗಿ ಅರಸನ ಕಾಂಬಲೆ ಗುಡ್ಡೆ ಹತ್ತಿದ್ದ°. ಈಗಳುದೆ 12 ವರ್ಷಕ್ಕೊಂದರಿ ನಾಸಿಕ ಹತ್ತರಾಣ ತ್ರ್ಯಂಬಕೇಶ್ವರಂದ ಜೋಗಿಗೊ ನೆಡಕ್ಕೊಂಡೇ ಕದ್ರಿಗೆ ಬತ್ತವು, ಹೊಸ ಪೀಠಾಧಿಪತಿಗೆ ಪಟ್ಟ ಕಟ್ಟುತ್ತವು. ಅಕೇರಿಗೆ ಬಂದದು 2016ರಲ್ಲಿ. ಈ ಪಂಥದ ದೀಕ್ಷೆ ಪೂರ್ತಿ ಆದವರ ಉತ್ತರಲ್ಲಿ 'ಕಾನ್‌ಫಟಾ' ಹೇಳ್ತವು, ಹೇಳಿರೆ ಕೆಮಿ ಸೀಳಿದವು. ಅವರದ್ದು ಕೆಮಿಹಾಳೆ ಅಲ್ಲ. ಕೆಮಿಯ ನೆಡುಗಾಣ ಮೆದು ಎಲುಬಿನನ್ನೇ ಗುರು ಕತ್ತಿಲಿ ಸೀಳುದು. ಸೀಳಿದಲ್ಲಿಗೆ ಬೇವಿನ ಕಡ್ಡಿ ಸಿಕ್ಕುಸಿ, ಬೇವಿನ ನೀರಿಲಿ ತೊಳಕ್ಕೊಂಡು, ಗುಣ ಅಪ್ಪನ್ನಾರ ಶಿಷ್ಯನ ನೋಡ್ಯೊಳ್ತವು. ದೊಡ್ಡ ಕುಂಡಲ ಹಾಕುದು ಮತ್ತೆ.

ಆಚಾರಿ, ಅಜ್ಜಿ, ಜೋಗಿ, ಮೂರು ಕಡೆಲಿಯುದೆ ಒಂದು ವಿಷಯ ಸಮ. ಕುತ್ತುದು ಎಲ್ಲೊರ ಎದುರೆ ಆವುತ್ತು. ಗುಣ ಅಪ್ಪನ್ನಾರ ಬೇರೆವರ ಕಣ್ಣುದೆ ಆ ಕೆಮಿಯ ಮೇಗೆ ಇರ್ತು. ಹಳೆ ಕಾಲಲ್ಲಿ ಎಲ್ಲ ಸರಿ ಇತ್ತು ಹೇಳಿ ಆನು ಹೇಳ್ತಿಲ್ಲೆ. ಸೂಜಿ ಬೇಶುವ ಕ್ರಮ ಎಲ್ಲ ದಿಕ್ಕೆ ಇತ್ತಿಲ್ಲೆ, ಧನುರ್ವಾತಕ್ಕೆ ಇಂಜೆಕ್ಷನ್ ಇತ್ತಿಲ್ಲೆ. ಕೂಸುಗಳ ಮನಸ್ಸು ಆರುದೆ ಕೇಳಿಯೊಂಡಿತ್ತಿಲ್ಲೆ. ಆದರೆ ಹುಗ್ಗುಸುವ ಅಗತ್ಯ ಇತ್ತಿಲ್ಲೆ. ಎನ್ನ ಕೆಮಿ ಹಾಳಾದ್ದು ಅರ್ಧ ಗನ್ನಿಂದ, ಇನ್ನರ್ಧ ಹುಗ್ಗುಸಿದ್ದರಿಂದ.

ಇನ್ನು ಅತ್ತೆ ಹೇಳಿದ ಚಿಲಕಕ್ಕೆ ಬಪ್ಪೊ°. ಆಭರಣ ಅಂಗಡಿಯ ಬಿಟ್ಟು ಪಿಯರ್ಸಿಂಗಿಂಗೇ ಹೇಳಿ ಒಂದು ಕಸುಬು ಬೆಳದ್ದು ಅಮೇರಿಕಲ್ಲಿ. ಜಿಮ್ ವಾರ್ಡ್ ಹೇಳ್ತವ° 1975ರಲ್ಲಿ ಲಾಸ್ ಏಂಜಲೀಸಿಲಿ 'ಗಾಂಟ್ಲೆಟ್' ಹೇಳ್ತ ವ್ಯಾಪಾರ ಸುರು ಮಾಡಿದ°. 1994ರಲ್ಲಿ ಈ ಕಸುಬಿನವರ ಸಂಘವುದೆ ಆತು. ಒಂದೇ ಸರಳಿಲಿ ಎರಡು ಒಟ್ಟೆ ಸೇರ್ಸುದಕ್ಕೆ 'ಇಂಡಸ್ಟ್ರಿಯಲ್' ಹೇಳ್ತ ಹೆಸರು ಬಂದದು 1990ರ ದಶಕಲ್ಲಿ. ಇದರಲ್ಲಿ ನಾಕೈದು ನಮೂನೆ ಇದ್ದು. ಸಾಮಾನ್ಯದ್ದು ಓರೆ ಸರಳು. ಎರಡು ಸರಳು ಒಂದರ ಕೆಳ ಒಂದು ಹಾಕಿರೆ ಜೋಡಿ, ಒಂದರ ಮೇಗೆ ಒಂದು ದಾಂಟಿರೆ ಕತ್ತರಿ. ಮೇಗಂದ ಕೆಳಂಗೆ ನೆಟ್ಟಂಗೆ ಹಾಕುದು ಒಂದು. ಸರಳು ಕೂರದ್ದ ಕೆಮಿಗೆ ಎರಡು ಬೇರೆ ಬೇರೆ ಸಣ್ಣ ಆಭರಣ ಹಾಕಿ, ನೋಡುವವಕ್ಕೆ ಒಂದೇ ಸರಳಿನ ಹಾಂಗೆ ಕಾಂಬಲೆ ಮಾಡುದು ಇನ್ನೊಂದು. ಅದಕ್ಕೆ ಫ್ಲೋಟಿಂಗ್ ಹೇಳ್ತವು.

ಯಾವ ನಮೂನೆ ಆದರೂ ಹೋಪದು ಮೆದು ಎಲುಬಿನ ಒಳಂದ. ಇಲ್ಲಿಯೇ ಎಚ್ಚರ ಬೇಕಾದ್ದು. ಕೆಮಿಹಾಳೆಲಿ ನೆತ್ತರು ಲಾಯಕಕ್ಕೆ ಹರಿತ್ತು, ಆರೆಂಟು ವಾರಲ್ಲಿ ಗುಣ ಆವುತ್ತು. ಮೆದು ಎಲುಬಿಂಗೆ ಅದರದ್ದೇ ನೆತ್ತರಿನ ನಾಳ ಇಲ್ಲೆ. ಮೇಗಂದ ಸುತ್ತಿಕೊಂಡಿಪ್ಪ ತೆಳೂ ಪೊರೆಂದಲೇ ಅದಕ್ಕೆ ಆಹಾರ. ಎಡೆಲಿ ಕೀವು ತುಂಬಿರೆ ಪೊರೆ ಎದ್ದು ಬತ್ತು, ಎಲುಬು ಉಪವಾಸ ಬಿದ್ದು ಸಾಯ್ತು, ಕೆಮಿ ಮುರುಟುತ್ತು. ಎನಗಾದ್ದು ಇದುವೇ, ಗೊಂತಪ್ಪಲೆ ಇಷ್ಟು ವರ್ಷ ಬೇಕಾತು. ಹಾಂಗಾಗಿ ಇಂಡಸ್ಟ್ರಿಯಲ್ ಗುಣ ಅಪ್ಪಲೆ ಆರು ತಿಂಗಳಿಂದ ಒಂದು ವರ್ಷ ಬೇಕು. ಎರಡು ಒಟ್ಟೆಯ ಒಂದೇ ಸರಳು ಹಿಡ್ಕೊಂಡಿಪ್ಪ ಕಾರಣ ಒಂದರ ಮುಟ್ಟಿರೆ ಎರಡಕ್ಕುದೆ ಪೆಟ್ಟು.

ಗನ್ನಿನ ತೊಂದರೆ ಎಂತ ಹೇಳಿರೆ, ಅದು ಮೊಂಡು ಟಿಕ್ಕಿಯ ಬಲವಾಗಿ ದೂಡುದು. ಹಾಳೆ ತಡಕ್ಕೊಳ್ಳುಗು, ಮೆದು ಎಲುಬು ಜಜ್ಜಿ ಹೋಕು. ಹೆಚ್ಚಿನ ಪ್ಲಾಸ್ಟಿಕ್ ಗನ್ನುಗಳ ಆಸ್ಪತ್ರೆಯ ಸಾಮಾನಿನ ಹಾಂಗೆ ಆಟೋಕ್ಲೇವಿಲಿ ಬೇಶುಲೆ ಎಡಿಯ. 2000ನೇ ಇಸವಿಲಿ ಅಮೇರಿಕದ ಒರೆಗಾನಿಲಿ ಒಂದೇ ಅಂಗಡಿಲಿ ಮೇಗಾಣ ಕೆಮಿ ಕುತ್ತುಸಿದ 7 ಜನಕ್ಕೆ ಸ್ಯೂಡೋಮೋನಾಸ್ ಹೇಳ್ತ ರೋಗಾಣು ತಾಗಿದ್ದು ಖಚಿತ ಆತು, ಇನ್ನುದೆ ಹಲವು ಜನಕ್ಕೆ ಸಂಶಯ. ಹುಡುಕಿಯಪ್ಪಗ ಆ ರೋಗಾಣು ಸಿಕ್ಕಿದ್ದು ರೋಗಾಣು ಕೊಲ್ಲುಲೆ ಹೇಳಿ ಮಡುಗಿದ ಔಷಧಿಯ ಕುಪ್ಪಿಲಿ! ಈ ರೋಗಾಣುವಿಂಗೆ ಎಲ್ಲ ಆಂಟಿಬಯೋಟಿಕ್ಕುದೆ ನಾಟ್ತಿಲ್ಲೆ. ಹಾಂಗಾಗಿ ಮನೆಲಿ ಒಳುದ ಮಾತ್ರೆ ತಿಂದು ಕೂಪಲಾಗ.

ಇಷ್ಟೆಲ್ಲ ತಿಳ್ಕೊಂಡ ಮತ್ತೆ ಒಂದು ಇರುಳು ಉಂಡಿಕ್ಕಿ ಮಗಳ ಹತ್ತರೆ ಕೂರ್ಸಿ, ಕಸವು ಮೇಗೆ ಮಾಡಿ ಎನ್ನ ಎಡದ ಕೆಮಿ ತೋರ್ಸಿದೆ. ಅದು ಮಾತಾಡಿದ್ದಿಲ್ಲೆ. ಬೆರಳಿಲಿ ಒಂದರಿ ಮುಟ್ಟಿತ್ತು. "ಎನಗೆ ಹೇಳಿದ್ದೇ ಇಲ್ಲೆ ನೀನು" ಹೇಳಿತ್ತು. "ಎನ್ನ ಅಬ್ಬೆಗುದೆ ಆನು ಹೇಳಿತ್ತಿದಿಲ್ಲೆ" ಹೇಳಿದೆ. ಅಷ್ಟೇ ಮಾತು. ಮತ್ತೆ ಇಬ್ರುದೆ ಕೂದು ಒಂದು ಪಟ್ಟಿ ಮಾಡಿದೆಯೊ°. ಬೇರೆ ಮನೆಯ ಮಕ್ಕೊಗುದೆ ಉಪಕಾರ ಅಕ್ಕು ಹೇಳಿ ಇಲ್ಲಿ ಹಾಕುತ್ತೆ.

ಕುತ್ತುಸುವ ಮೊದಲು ಕೆಮಿಯ ಆಕಾರ ನೋಡ್ಸಿ. ಮೇಗಾಣ ಕರೆ ಲಾಯಕಕ್ಕೆ ಮಡಿಚಿಯೊಂಡಿರೆಕ್ಕು, ಎರಡು ಒಟ್ಟೆಯ ಎಡಕ್ಕಿಲಿ ಏರು ಇಪ್ಪಲಾಗ. ಏರು ಇದ್ದರೆ ಸರಳು ಅದಕ್ಕೆ ಒತ್ತಿ ಹುಣ್ಣಾವುತ್ತು. ಕೆಮಿ ನೋಡದ್ದೆ "ಅಕ್ಕು, ಕೂರಿ" ಹೇಳಿರೆ ಅಲ್ಲಿಂದ ಎದ್ದು ಬನ್ನಿ.

ಗನ್ನು ಬೇಡ. ಒಂದರಿ ಉಪಯೋಗ್ಸಿ ಇಡ್ಕುವ ಟೊಳ್ಳು ಸೂಜಿ, ಎದುರೇ ಒಡದ ಪೆಕೆಟು, ಹೊಸ ಗ್ಲೌಸು ಇರೆಕ್ಕು. ಆಟೋಕ್ಲೇವ್ ಇದ್ದೋ ಕೇಳಿ. ಕೇಳಿದ್ದಕ್ಕೆ ಬೇಜಾರ ಮಾಡ್ತವರ ಕೈಗೆ ಕೆಮಿ ಕೊಡೆಡಿ. ಧನುರ್ವಾತದ ಇಂಜೆಕ್ಷನ್ ಆಯಿದೋ ನೋಡಿ. ಶುಗರ್ ಇಪ್ಪವು, ಗಾಯ ಆದಲ್ಲಿ ಗಡ್ಡೆ ಕಟ್ಟುವ ಚರ್ಮದವು ಡಾಕ್ಟ್ರ ಹತ್ತರೆ ಕೇಳಿಕ್ಕಿಯೇ ಹೋಗಿ.

ಸುರುವಾಣ ಸರಳು ಇಂಪ್ಲಾಂಟ್ ಗ್ರೇಡ್ ಟೈಟಾನಿಯಮ್ಮಿಂದು ಒಳ್ಳೆದು. ನಿಕ್ಕಲ್ ಬೆರಸಿದ ಅಗ್ಗದ್ದು ಸುಮಾರು ಜನಕ್ಕೆ ತೊರಿಕೆ ಬರುಸುತ್ತು. ತೋರ ಸಾಮಾನ್ಯಕ್ಕೆ 1.6 ಮಿಲಿಮೀಟರು. ಬೀಗುಲೆ ಎಡೆ ಬೇಕು ಹೇಳಿ ಸುರುವಿಂಗೆ ರಜ ಉದ್ದದ್ದು ಹಾಕುತ್ತವು, ಬೀಗು ಇಳುದ ಮತ್ತೆ ಗಿಡ್ಡದ್ದು.

ದಿನಕ್ಕೆರಡು ಸರ್ತಿ ಔಷಧಿ ಅಂಗಡಿಲಿ ಸಿಕ್ಕುವ ಸಲೈನಿಲಿ ತೊಳದರೆ ಸಾಕು. ಎಣ್ಣೆ, ಅರಿಶಿನ, ಸ್ಪಿರಿಟ್ ಬೇಡ. ತಿರುಗ್ಸುದು ಬೇಡವೇ ಬೇಡ. ಆ ಹೊಡೆಂಗೆ ಮನುಗಲಾಗ. ಬೈರಾಸು, ಬಾಚಣಿಗೆ, ಹೆಲ್ಮೆಟ್ಟು, ಹೆಡ್‌ಫೋನು, ಇವೆಲ್ಲ ಶತ್ರುಗಳೇ. ಎಂಗಳ ಊರಿಲಿ ಮಳೆಗಾಲಲ್ಲಿ ತಲೆ ಒಣಗುತ್ತೇ ಇಲ್ಲೆ, ಹಾಂಗಾಗಿ ಮಳೆ ಬಿಟ್ಟ ಮತ್ತೆ ಮಾಡ್ಸುದು ಒಳ್ಳೆದು. ಗುಣ ಅಪ್ಪನ್ನಾರ ಕೆರೆ, ಸಮುದ್ರಲ್ಲಿ ಮೀವದು ಬೇಡ.

ಸುರುವಾಣ ದಿನಂಗಳಲ್ಲಿ ರಜ ಕೆಂಪು, ಬೆಳಿ ನೀರು ಬಪ್ಪದು ಸಹಜ. ಬೇನೆ ದಿನಂದ ದಿನಕ್ಕೆ ಹೆಚ್ಚಾದರೆ, ಕೆಮಿ ಬೆಶಿಯಾಗಿ ಬೀಗಿರೆ, ಕೀವೋ ಜ್ವರವೋ ಬಂದರೆ ಅದೇ ದಿನ ಕೆಮಿ-ಮೂಗು-ಗಂಟಲಿನ ಡಾಕ್ಟ್ರ ಹತ್ತರೆ ಹೋಯೆಕ್ಕು. ಸರಳಿನ ನಿಂಗಳೇ ತೆಗವಲಾಗ. ಒಟ್ಟೆ ಮುಚ್ಚಿ ಕೀವು ಒಳವೇ ಒಳಿಗು.

ಪಟ್ಟಿಯ ಅಕೇರಿಗೆ ಮಗಳು ಅದರ ಅಕ್ಷರಲ್ಲೇ ಒಂದು ಗೆರೆ ಸೇರ್ಸಿತ್ತು: "ಬೇನೆ ಆದರೆ ಅಮ್ಮಂಗೆ ಹೇಳೆಕ್ಕು."

ಜನವರಿಲಿ ಪರೀಕ್ಷೆ ಮುಗುದ ಮತ್ತೆ ಆನುದೆ ಒಟ್ಟಿಂಗೆ ಹೋದೆ. ಅಲ್ಲಿಯಾಣ ಕೂಸು ಮಗಳ ಕೆಮಿಯ ಬೆಣಚ್ಚಿಂಗೆ ಹಿಡುದು ಸುಮಾರು ಹೊತ್ತು ನೋಡಿತ್ತು. ಸುಶ್ರುತ ಹೇಳಿದ್ದು ಎನಗೆ ನೆಂಪಾತು. "ಎಡಕ್ಕಿಲಿ ಏರು ಇದ್ದು, ಸರಳು ಕೂರ. ಬೇಕಾದರೆ ಮೇಲೆ ಒಂದೇ ಮಾಡುವ" ಹೇಳಿತ್ತು. ಮಗಳ ಮೋರೆ ಸಣ್ಣ ಆತು. ರಜ ಹೊತ್ತು ಹೆರ ಕೂದು ಆಲೋಚನೆ ಮಾಡಿ, "ಒಂದೇ ಸಾಕು" ಹೇಳಿ ಒಳ ಹೋತು.

ಮನೆಗೆ ಬಂದಪ್ಪಗ ಅತ್ತೆ ಕನ್ನಡ್ಕ ಹಾಕ್ಯೊಂಡು ಪರೀಕ್ಷೆ ಮಾಡಿದವು. "ಚಿಲಕ ಎಲ್ಲಿ?" ಹೇಳಿ ಕೇಳಿದವು. ಮಗಳು ಎಲ್ಲ ಹೇಳಿತ್ತು. ಅತ್ತೆ ಒಳ ಹೋಗಿ, ಕಪಾಟಿನ ಡಬ್ಬಿಂದ ಅವರ ಅಬ್ಬೆಯ ಬುಗುಡಿ ತಂದು ಪುಳ್ಳಿಯ ಕೈಲಿ ಮಡುಗಿದವು. ಮುತ್ತು ಒಂದು ಉದುರಿದ್ದು, ತಿರ್ಪು ಬಿಗಿ ಇದ್ದು. "ಈಗ ಹಾಕಲಾಗ. ಒಂದು ವರ್ಷ ಕಳಿಯಲಿ" ಹೇಳಿದವು.

ಈಗ ನಾಕು ತಿಂಗಳಾತು. ಉದಿಯಪ್ಪಗ ಸಲೈನಿನ ಕುಪ್ಪಿ ಹಿಡ್ಕೊಂಡು ಮಗಳು ಕನ್ನಾಟಿ ಎದುರೆ ನಿಂದರೆ ಹಿಂದಂದ ಅಜ್ಜಿ, "ಕೈ ತೊಳದ್ದೆಯೋ?" ಕೇಳ್ತವು. ಕಳುದ ವಾರ ಒಂದರಿ ಬೈರಾಸು ಸಿಕ್ಕಿ ರಜ ಕೆಂಪಾಗಿತ್ತು. ಇರುಳು ಹನ್ನೊಂದು ಗಂಟೆಗೆ ಎನ್ನ ಏಳ್ಸಿ, "ಅಮ್ಮಾ, ಒಂದರಿ ನೋಡು" ಹೇಳಿತ್ತು. ಲೈಟು ಹಾಕಿ ನೋಡಿದೆ. ಬೀಗಿದ್ದಿಲ್ಲೆ, ಬೆಶಿ ಇಲ್ಲೆ. ಎರಡು ದಿನಲ್ಲಿ ಸರಿ ಆತು.